ಬೊಮ್ಮಿಯ ತಲೆಗೆ ಕತ್ತರಿ

ಹೋದ ಭಾನುವಾರ ಬೆಳಿಗ್ಗೆ ಹುಣಸೂರಿನ ನಮ್ಮ ಮನೆಯ ಜಗಲಿಗೆ ಕ್ಷೌರಿಕ ಚಿಕ್ಕಣ್ಣ ಬಂದು ಪೆಟ್ಟಿಗೆ ಬಿಚ್ಚಿದ. ಅವನನ್ನು ಕಂಡದ್ದೇ ತಡ, ಎಂಟು ವರ್ಷದ ಬೊಮ್ಮಿ ಅಟ್ಟ ಹತ್ತಿ ರಾಗಿ ಮೂಟೆಗಳ ಹಿಂದೆ ಅಡಗಿ ಕೂತಳು.

(ಕ್ಷೌರ ನನಗಲ್ಲ. ನನ್ನ ತಲೆಯಲ್ಲಿ ಚಿಕ್ಕಣ್ಣನಿಗೆ ಕೆಲಸ ಇಲ್ಲದಂತಾಗಿ ಬಹಳ ದಿನವಾಯಿತು.)

ಬೊಮ್ಮಿ ನಮ್ಮ ಮಗಳಲ್ಲ. ಅವಳ ತಾಯಿ ಕೆಂಚವ್ವ, ನಾನು ಲೆಕ್ಕ ಬರೆಯುವ ರೈಟರ್ ಆಗಿರುವ ಮರದ ಡಿಪೋದಲ್ಲಿ ಕೂಲಿ ಮಾಡುತ್ತಿದ್ದವಳು. ಹೆಗ್ಗಡದೇವನಕೋಟೆ ಕಡೆಯ ಕಾಡಂಚಿನ ಹಾಡಿಯವಳು. ಗಂಡ ಹೋದ ವರ್ಷ ತೀರಿಕೊಂಡ. ಈಗ ಇವಳಿಗೆ ಕ್ಷಯ, ಮೈಸೂರಿನ ಆಸ್ಪತ್ರೆಯಲ್ಲಿದ್ದಾಳೆ. "ವಾಸಿಯಾಗೋಗಂಟ ಮಗೀನ ನೋಡ್ಕಳಿ ಅಮ್ಮಾ" ಎಂದು ನನ್ನ ಹೆಂಡತಿ ಗೌರಮ್ಮನಿಗೆ ಕೂಸನ್ನು ಒಪ್ಪಿಸಿ ಹೋಗಿ ಎರಡು ತಿಂಗಳಾಯಿತು.

ಹುಡುಗಿ ಚೂಟಿ. ಊಟಕ್ಕೆ ತಕರಾರಿಲ್ಲ, ಸ್ಕೂಲಿಗೆ ತಕರಾರಿಲ್ಲ. ತಕರಾರೆಲ್ಲ ತಲೆಯದು. ಗುಂಗುರು ಕೂದಲು, ಅದೂ ಎಂಥದ್ದು! ದಟ್ಟ, ಬಿಗಿ ಸುರುಳಿ. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳ ತಲೆಗೆ ಇರುವುದು ಒಂದೇ ಕ್ರಮ: ಹರಳೆಣ್ಣೆ ಹಚ್ಚು, ನೆತ್ತಿಯಿಂದ ಎಳೆದು ಬಾಚು, ಎರಡು ಜಡೆ ಹಾಕಿ ರಿಬ್ಬನ್ ಕಟ್ಟು. ಬೊಮ್ಮಿಯ ತಲೆಯಲ್ಲಿ ಮೂರು ಬಾಚಣಿಗೆಗಳು ಹಲ್ಲು ಉದುರಿಸಿಕೊಂಡವು. ದಿನಾ ಬೆಳಿಗ್ಗೆ ಅವಳ ಅಳು, ಗೌರಮ್ಮನ ಗೊಣಗಾಟ, ನನ್ನ ಕಾಫಿ, ಮೂರೂ ಒಟ್ಟಿಗೆ.

"ಡಿಸಿಪ್ಲಿನ್ ಇಲ್ಲದ ಕೂದಲು ಕಣ್ರೀ, ಕ್ರಾಪ್ ಹೊಡೆಸಿಬಿಡಿ" ಎಂದರು ಪಕ್ಕದ ಮನೆಯ ಮೇಷ್ಟ್ರು. ನನಗೂ ಸರಿ ಎನಿಸಿತು. ಕೂದಲು ತಾನೇ, ಮತ್ತೆ ಬೆಳೆಯುವುದಿಲ್ಲವೇ? ಚಿಕ್ಕಣ್ಣನಿಗೆ ಹೇಳಿಕಳಿಸಿದೆ.

ಗೌರಮ್ಮ ಅಟ್ಟದ ಏಣಿ ಹತ್ತಿ ಕರೆದಳು. "ಬಾ ಮಗಾ, ನೋವಾಗಾಕಿಲ್ಲ."

ಮೂಟೆಗಳ ಹಿಂದಿನಿಂದ ಸಣ್ಣ ದನಿ ಬಂತು. "ಅಮ್ಮಾ, ನಮ್ಮವ್ವ ಸತ್ತೋದ್ಲಾ?"

ಇದೆಲ್ಲಿಯ ಮಾತು?

"ಅಪ್ಪ ಸತ್ತಾಗ ಚಿಕ್ಕಪ್ಪದೀರ್ಗೆಲ್ಲ ತಲೆ ಬೋಳಿಸಿದ್ರು. ಅವ್ವಂಗೆ ನಾನೊಬ್ಳೇ ಅಲ್ವಾ ಇರೋದು?"

ಅಬ್ಬಾ! ಗೌರಮ್ಮ ಏಣಿಯ ಮೇಲೆ ನಿಂತೇ ಅತ್ತುಬಿಟ್ಟಳು. "ಇಲ್ಲ ಕಣವ್ವಾ, ನಿಮ್ಮವ್ವ ಚೆನ್ನಾಗವ್ಳೆ. ಗುರುವಾರ ಕರ್ಕೊಂಡೋಗಿ ತೋರಿಸ್ತೀನಿ."

ಚಿಕ್ಕಣ್ಣ ಪೆಟ್ಟಿಗೆ ಮುಚ್ಚಿದ. "ಬುಡಿ ಸ್ವಾಮಿ. ಅವ್ರವ್ವನ್ನ ಒಂದ್ಮಾತು ಕೇಳ್ದೆ ಈ ತಲೆಗೆ ನಾನು ಕತ್ತರಿ ಇಕ್ಕಾಕಿಲ್ಲ." ಕೈಗೆ ಬಂದ ಕೆಲಸವನ್ನು ಬಿಟ್ಟು ಹೋದ. ಅವನಿಗಿದ್ದ ವಿವೇಕ ನನಗಿರಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ.

ಬೊಮ್ಮಿ ಇಳಿದು ಬಂದಳು. ಗೌರಮ್ಮ ಕಣ್ಣೊರೆಸಿಕೊಂಡು ಕೇಳಿದಳು: "ನಿಮ್ಮವ್ವ ಎಂಗೆ ಬಾಚ್ತಿದ್ಲು, ತೋರ್ಸು." ಎರಡು ತಿಂಗಳಲ್ಲಿ ಈ ಪ್ರಶ್ನೆ ಕೇಳಿದ್ದು ಇದೇ ಮೊದಲು!

ಪಾಠ ಶುರುವಾಯಿತು. ಮೊದಲು ಕೂದಲನ್ನು ಚೆನ್ನಾಗಿ ನೆನೆಸಬೇಕು. ಎಣ್ಣೆ ಅಂಗೈ ಒದ್ದೆಯಾಗುವಷ್ಟು ಸಾಕು. ಬಾಚಣಿಗೆ ಆಮೇಲೆ, ಮೊದಲು ಬೆರಳು. ನೆತ್ತಿಯಿಂದ ಎಳೆಯಕೂಡದು, ತುದಿಯಿಂದ ಬಿಡಿಸುತ್ತ ಮೇಲೆ ಬರಬೇಕು. ಜಡೆ ಬೇಡ, ತುರುಬು. ಜೊತೆಗೆ ಬಾಯಿಗೂ ಕೆಲಸ ಇದೆ. "ಅವ್ವ ಕತೆ ಯೇಳ್ತಾನೇ ಇರ್ತಾಳೆ, ನೋವೇ ತಿಳಿಯಾಕಿಲ್ಲ" ಎಂದಳು. ಗೌರಮ್ಮ ತನ್ನ ತವರಿನ ಕತೆಗಳನ್ನೆಲ್ಲ ತೆಗೆದಳು (ನನ್ನ ಬಗ್ಗೆಯೂ ಎರಡು ಬಂದವು, ಇಲ್ಲಿ ಬೇಡ). ನಾನು ಚೊಂಬು ಹಿಡಿದು ನೀರು ಹಾಕುತ್ತ ನಿಂತೆ. ಕಾಫಿ ಆರಿಹೋಯಿತು. ಅಳು ಮಾತ್ರ ಇರಲಿಲ್ಲ. ಅಷ್ಟು ಹಿತವಾದ ಭಾನುವಾರ ನಮ್ಮ ಮನೆಯಲ್ಲಿ ಆಗಿ ಎಷ್ಟು ದಿನವಾಗಿತ್ತೋ!

ಗುರುವಾರ ಮೂವರೂ ಬಸ್ಸು ಹತ್ತಿ ಮೈಸೂರಿಗೆ ಹೋದೆವು. ಮುಟ್ಟುವ ಹಾಗಿಲ್ಲ, ಕೆಂಚವ್ವ ಆಸ್ಪತ್ರೆಯ ವರಾಂಡದಲ್ಲಿ, ನಾವು ಅಂಗಳದಲ್ಲಿ. ಮೈ ಕೈ ತುಂಬಿಕೊಂಡಿದ್ದಳು. ಮಗಳ ಮುಖಕ್ಕಿಂತ ಮೊದಲು ಅವಳು ನೋಡಿದ್ದು ತಲೆಯನ್ನು.

"ತಿರುಗು" ಎಂದಳು. ಬೊಮ್ಮಿ ತಿರುಗಿದಳು.

"ಯಾರ್ ಕಟ್ಟಿದ್ದು ತುರ್ಬ?"

"ಅಮ್ಮ. ನಾನೇ ಯೇಳ್ಕೊಟ್ಟೆ."

ಕೆಂಚವ್ವ ನಕ್ಕು, ನಮ್ಮಿಬ್ಬರಿಗೂ ಕೈ ಮುಗಿದಳು. "ನಾನ್ ಬುಟ್ಟಂಗೇ ಮಡಗಿದ್ದೀರಿ ನನ್ ಕೂಸ್ನ."

ನಾಲ್ಕು ದಿನದ ಹಿಂದೆ ಚಿಕ್ಕಣ್ಣನಿಗೆ ಹೇಳಿಕಳಿಸಿದವನು ಯಾವ ಮುಖ ಇಟ್ಟುಕೊಂಡು ಆ ನಮಸ್ಕಾರ ತೆಗೆದುಕೊಳ್ಳಬೇಕು, ನೀವೇ ಹೇಳಿ?