ಕೊಣನೂರಿನ ಎಮ್ಮೆ ಬರ್ಮಾ ಗಡಿಗೆ ಹೋದದ್ದು

ಬೆಳಕು ಹರಿಯುವ ಮೊದಲೇ ಕೊಣನೂರಿನ ಗಂಗಾಂಬಿಕೆಯವರ ಜಗಲಿ ತುಂಬಿದೆ. ಅಂಚೆ ಕಾರ್ಡು ಹಿಡಿದು ಕೂತ ಆರೇಳು ಹೆಂಗಸರು, ನಡುವೆ ಶಾಯಿ ಕುಡಿಕೆ, ಅದರ ಪಕ್ಕ ಐವತ್ತು ದಾಟಿದ ಈ ವಿಧವೆ, ಒಂದು ಮೂಲೆಯಲ್ಲಿ ಇವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನಾನು. ಹೆಂಗಸರು ಹೇಳಿದ್ದನ್ನು ಕಾರ್ಡಿಗೆ ಇಳಿಸುತ್ತ ಇವರ ಟಾಕು ಓಡುತ್ತಿದೆ.

"ಯಾವಾಗ? ಎಲ್ಲಿ? ಅದನ್ನ ಮೊದ್ಲು ಹೇಳವ್ವ. ಕ್ಷೇಮ ಆಮೇಲೆ ಬರ್ಕೊಳ್ಳಾನ."

ಈ ಯುದ್ಧಕಾಲದಲ್ಲಿ ದಿನಕ್ಕೆ ಹತ್ತು ಕಾಗದ, ಸಂತೆಯ ದಿನ ಇಪ್ಪತ್ತು. ಹೆಂಗಸಿಗೇಕೆ ಟಾಕು ಎಂದು ಗಂಡನ ಕಡೆಯವರು ಮಾತು ಬಿಟ್ಟರೂ, ತಂದೆ ಕಲಿಸಿದ ಅಕ್ಷರವನ್ನು ಇವರು ಬಿಟ್ಟಿಲ್ಲ. ಗಂಡಸರೆದುರು ಬಾಯಿ ಬಿಡಲಾರದವರೆಲ್ಲ ಇಲ್ಲಿಗೇ ಬರುತ್ತಾರೆ.

ಮೊದಲೆಲ್ಲ ಹೀಗೆ ಕೇಳುತ್ತಿರಲಿಲ್ಲವಂತೆ. ಹೊತ್ತು ಉಳಿಯಲೆಂದು ‘ಇತ್ತ ಎಲ್ಲರೂ ಕ್ಷೇಮ, ನಿನ್ನ ಕ್ಷೇಮಕ್ಕೆ ಬರೆಯುವುದು’ ಎಂದು ಕಾರ್ಡುಗಳ ಮೇಲೆ ಮುಂಚೆಯೇ ಬರೆದಿಡುತ್ತಿದ್ದರು. ಜವರಮ್ಮನ ಮಗ ದೇವರಾಜು ಬರ್ಮಾ ಗಡಿಯ ಪಡೆಯಲ್ಲಿದ್ದಾನೆ. ಎಂಟು ತಿಂಗಳು ಅವನಿಗೆ ಹೋದದ್ದೂ ಅದೇ ಸಾಲು. ಯುಗಾದಿ ಹೊತ್ತಿಗೆ ಅವನ ಕಾಗದ ಬಂತು, ಅವ್ವನಿಗಲ್ಲ, ಊರ ಪಟೇಲರಿಗೆ: ‘ಎಲ್ಲ ಕಾಗದಗಳೂ ಒಂದೇ ಥರ ಇವೆ. ಅವ್ವ ತೀರಿಕೊಂಡಿದ್ದರೆ ಮುಚ್ಚಿಡಬೇಡಿ.’

ಜವರಮ್ಮ ಅದನ್ನು ತಂದು ಜಗಲಿಯ ಮೇಲೆ ಎಸೆದರು. "ಗುಂಡುಕಲ್ಲಿನಂಗಿರೋಳ್ನ ಕೊಂದೇ ಬುಟ್ರಲ್ಲ ಗಂಗಮ್ಮಾರೇ!"

ಬರೆದಿಟ್ಟ ಕಾರ್ಡುಗಳೆಲ್ಲ ಅಂದೇ ಒಲೆಗೆ ಹೋದವು. ಆ ದಿನದ ಕಾಗದ ಶುರುವಾದದ್ದೇ ಬೇರೆ: ‘ನಿನ್ನೆ ಹೊತ್ತಾರೆ, ಮೆಲ್ಲಗೆ, ಹಿತ್ತಲ ಬಾಗಿಲಿನಿಂದ ನಿನ್ನ ಕರಿ ಎಮ್ಮೆ ಅಡುಗೆಮನೆಗೇ ನುಗ್ಗಿತು.’ ಆಮೇಲೆ ಯಾವ ಎರಡು ಕಾಗದವೂ ಒಂದೇ ಮಾತಿನಿಂದ ಹೊರಟಿಲ್ಲ. ಒಂದು ‘ಹುಣಸೆಮರದ ಕೆಳಗೆ’ ಎಂದರೆ ಇನ್ನೊಂದು ‘ಮಳೆ ನಿಂತ ಮೇಲೆ’, ಮತ್ತೊಂದು ‘ಗಬಕ್ಕನೆ’!

ಎಮ್ಮೆಯ ಕಾಗದ ಹೋಗಿ ಎರಡು ತಿಂಗಳಾಯಿತು. ಉತ್ತರವಿಲ್ಲ. ದಿನವೂ ಜವರಮ್ಮ ಬಂದು ಕಂಬಕ್ಕೊರಗಿ ಕೂರುತ್ತಾರೆ, ಇವತ್ತೂ ಕೂತಿದ್ದಾರೆ.

ಪೆಟ್ರೋಲಿಲ್ಲದೆ ಇದ್ದಿಲಿನಿಂದ ಓಡುವ ಅಂಚೆಯ ಬಸ್ಸು ಕೆಮ್ಮುತ್ತ ಬಂದು ನಿಂತು ಅರ್ಧ ಗಂಟೆಯಾಗಿಲ್ಲ, ಅಂಚೆಯ ಬೈರಯ್ಯ ಓಡೋಡಿ ಬರುತ್ತಾನೆ. "ಜವರಕ್ಕಾ, ಮಿಲಿಟ್ರಿ ಕಾಗ್ದ!"

ಗಂಗಾಂಬಿಕೆಯವರು ಟಾಕು ಕೆಳಗಿಟ್ಟು ಕಾಗದ ಒಡೆಯುತ್ತಾರೆ. ಗಟ್ಟಿಯಾಗಿ ಓದುತ್ತಾರೆ: ‘ಅವ್ವಾ, ಎಮ್ಮೆ ಮುದ್ದೆ ತಿಂದಿತೋ, ಸಾರು ಚೆಲ್ಲಿತೋ? ಅದನ್ನು ಯಾಕೆ ತಿಳಿಸಲಿಲ್ಲ?’

ಜಗಲಿಗೆ ಜಗಲಿಯೇ ನಗುತ್ತದೆ. ಜವರಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಮಗ ಎದುರಿಗೇ ಇದ್ದಾನೇನೋ ಎಂಬಂತೆ ಕೂಗುತ್ತಾರೆ: "ಎಲ್ಡೂ ಮಾಡ್ತು ಕಣ್ಲಾ ಮುಂಡೇದೇ! ಬರೀರಿ ಗಂಗಮ್ಮಾರೇ, ಇಂಗೇ ಬರೀರಿ!"

ಟಾಕನ್ನು ಶಾಯಿಗೆ ಅದ್ದುತ್ತ ಗಂಗಾಂಬಿಕೆ ನನ್ನ ಕಡೆ ಬಾಗುತ್ತಾರೆ.

"ಬರೆಯೋಳು ಯಾರು ಅಂತ ಅವ್ನು ಒಂದು ಮಾತೂ ಕೇಳಿಲ್ಲ, ನೋಡ್ದಾ? ಅಂದ್ರೆ ಅವ್ನಿಗೆ ಅವರವ್ವನ ದನೀನೇ ಕೇಳ್ಸೈತೆ ಕಣಮ್ಮ."