ಪಟ್ಟಿಯ ಅಡಿಯಲ್ಲೊಂದು ಹಸಿರು ಕಣ್ಣು

ಕೊಚ್ಚಿಯ ಪಾಲಾರಿವಟ್ಟಂನ ಬ್ಯಾಂಕಿನಲ್ಲಿ, ಚಿನ್ನದ ಸಾಲದ ವಿಭಾಗದ ಕುರ್ಚಿಯಲ್ಲಿ ಸುಮಿತ್ರ ಬಂದು ಕೂತಳೆಂದರೆ ಆಲುವಾದಿಂದ ತೃಪ್ಪೂಣಿತುರದವರೆಗಿನ ನಕಲಿ ಬಳೆಗಳೆಲ್ಲ ಕಪಾಟಿನೊಳಗೇ ಬಣ್ಣ ಬಿಡುತ್ತಿದ್ದವು ಎಂದು ಪ್ರತೀತಿ. ಆಕೆಯ ಆಯುಧ ಒಂದೇ: ಕೈಗೆ ಬಂದದ್ದನ್ನು ಮಗುಚಿ ಅಡಿ ನೋಡುವುದು. ಒರೆಗಲ್ಲು ಅಕ್ಕಸಾಲಿಗನಿಗಿರಲಿ, ಸುಮಿತ್ರ ಒಳಮೈಯನ್ನೊಮ್ಮೆ ದಿಟ್ಟಿಸಿದರೆ ಬಳೆ ತಾನಾಗಿಯೇ ತಪ್ಪೊಪ್ಪಿಕೊಳ್ಳುತ್ತಿತ್ತಂತೆ. ಇಡ್ಲಿಯನ್ನೂ ಆಕೆ ಮಗುಚದೆ ತಿಂದವಳಲ್ಲ. ಪುತ್ತೂರಿನಲ್ಲಿ ಮದುವೆಯ ದಿನ, ದಿನಕರ ಇನ್ನೇನು ಕೊನೆಯ ಗಂಟು ಹಾಕಬೇಕು ಅನ್ನುವಷ್ಟರಲ್ಲಿ ಮದುಮಗಳು ತಾಳಿಯನ್ನು ತಿರುಗಿಸಿ ಅಡಿ ನೋಡಿದ ಕಥೆಯನ್ನು ಅಲ್ಲಿಯ ಭಟ್ಟರು ಇಂದಿಗೂ ಬೇರೆಯವರ ಮದುವೆಗಳಲ್ಲಿ ಹೇಳುತ್ತಾ ತಿರುಗುತ್ತಿದ್ದಾರೆ.

ಇಂಥ ವೀರಾಗ್ರಣಿಗೆ ಕಳೆದ ವರ್ಷ ಎದೆಯಲ್ಲೊಂದು ಗಂಟು ಕಾಣಿಸಿಕೊಂಡಿತು. ಎರ್ನಾಕುಲಂನಲ್ಲಿ ಆಪರೇಷನ್ ಆಯಿತು, ಕೀಮೊ ಆಯಿತು, ಉದುರಿದ ಕೂದಲು ಹುಡುಗರ ಕ್ರಾಪಿನಷ್ಟು ಮರಳಿ ಬಂತು. ಈಗ ಆಕೆಗೆ ಬೇಕಾದದ್ದು ಒಂದೇ, ಆ ಕುರ್ಚಿ. ಅದರಲ್ಲಿ ವಿಕಾಸ್ ಎಂಬ ತರುಣ ಅಧಿಕಾರಿ ಕೂತಿದ್ದ. ಅವನು ಬಳೆಯ ಮೇಲ್ಮೈ ಮಾತ್ರ ನೋಡುತ್ತಾನೆಂಬ ಸುದ್ದಿ ಕೇಳಿ ಸುಮಿತ್ರಳಿಗೆ ಕೀಮೊಗಿಂತ ಹೆಚ್ಚು ವಾಕರಿಕೆ ಬಂದಿತ್ತು. ಜೊತೆಗೆ ಇನ್ನೊಂದು ಭಯ. ‘ಇನ್ನೂ ಸುಸ್ತಿದೆ’ ಎಂದು ಯಾರಾದರೂ ಮೇಲಿನವರ ಕಿವಿಗೆ ಹಾಕಿದರೆ, ತನ್ನನ್ನು ತಿರುವನಂತಪುರದ ವಲಯ ಕಚೇರಿಗೆ ಎಳೆದು, ಫ್ಯಾನಿನ ಕೆಳಗೆ ಕೂರಿಸಿ, ಫೈಲು ಕಾಯಲು ಬಿಡುತ್ತಾರೆ ಎಂದು.

ಸರಿಯಾಗಿ ಆಗಲೇ ಗ್ರೀಷ್ಮಾ ಬಂದಳು.

ಗ್ರೀಷ್ಮಾ ನರ್ಸು. ತಿರುವನಂತಪುರದ ನರ್ಸಿಂಗ್ ಕಾಲೇಜೊಂದರಲ್ಲಿ ಸಂಶೋಧನೆ ಮಾಡುತ್ತಿದ್ದಳು. ಕ್ಯಾನ್ಸರಿನ ಚಿಕಿತ್ಸೆ ಮುಗಿದ ಮೇಲೂ ಸುಸ್ತು, ನಿದ್ದೆಗೇಡು, ನಾಲಿಗೆ ಕೆಡುವುದು ಇವೆಲ್ಲ ಒಂದರ ಕೈ ಒಂದು ಹಿಡಿದು ಬರುತ್ತವಲ್ಲ, ಅವು ಬರುವ ಮೊದಲೇ ಗುರುತು ಹಿಡಿಯಲಾದೀತೇ ಎಂಬುದು ಅವಳ ಪ್ರಶ್ನೆ. ಅದಕ್ಕಾಗಿ ಮಣಿಕಟ್ಟಿಗೊಂದು ಕಪ್ಪು ಪಟ್ಟಿ, ಹಗಲೂ ರಾತ್ರಿ ತೆಗೆಯುವಂತಿಲ್ಲ. ಸಂಜೆಯಾದರೆ ಫೋನು ಕೇಳುತ್ತದೆ, ಸೊನ್ನೆಯಿಂದ ಹತ್ತರವರೆಗೆ ಇವತ್ತು ಸುಸ್ತು ಎಷ್ಟು ಎಂದು.

“ಚೇಚಿ, ನಾನು ಮಂಗಳೂರಲ್ಲಿ ಓದಿದ್ದು. ಕನ್ನಡ ಬರ್ತದೆ ನನಗೆ,” ಎಂದು ನಕ್ಕಳು ಗ್ರೀಷ್ಮಾ. ‘ಅಕ್ಕ’ ಎನ್ನುವುದನ್ನು ಮಾತ್ರ ಮಲಯಾಳದಲ್ಲೇ ಉಳಿಸಿಕೊಂಡಿದ್ದಳು.

ಸುಮಿತ್ರಳ ಮೊದಲ ಸಂಶಯ ಹುಟ್ಟಿದ್ದೇ ಅಲ್ಲಿ. ಮಲಯಾಳಿ ಹುಡುಗಿ, ಕೊಚ್ಚಿ, ಕನ್ನಡ. ಬಾಯಿ ಬಿಡಿಸಲೆಂದೇ ವಲಯ ಕಚೇರಿಯವರು ಆರಿಸಿ ಕಳಿಸಿದ್ದಾರೆ. ಹುಡುಗಿ ಮೆಟ್ಟಿಲಿಳಿದದ್ದೇ ತಡ, ಸುಮಿತ್ರ ಪಟ್ಟಿಯನ್ನು ಮಗುಚಿದಳು. ಅಡಿಯಲ್ಲಿ ಒಂದು ಹಸಿರು ದೀಪ ಮಿಣುಕಿತು.

“ಕಂಡಿರಾ? ಇದಕ್ಕೆ ಕಣ್ಣುಂಟು.”

“ಅದು ನಾಡಿ ನೋಡುವ ಬೆಳಕು ಮಾರಾಯ್ತಿ,” ಎಂದ ಗಂಡ ದಿನಕರ. ತುಂಬ ಎಂಬಲ್ಲಿಯ ರಾಕೆಟ್ ಕೇಂದ್ರದಲ್ಲಿ ಉಪಕರಣಗಳ ನಡುವೆಯೇ ಕೂದಲು ಹಣ್ಣಾಗಿಸಿಕೊಂಡು ನಿವೃತ್ತನಾದವನು.

“ನಾಡಿ ನೋಡ್ಲಿಕ್ಕೆ ಬೆಳಕು ಯಾಕೆ? ನಮ್ಮ ಅಜ್ಜ ಕತ್ತಲೆಯಲ್ಲೇ ನೋಡ್ತಿದ್ರು. ಆ ಕಾಲೇಜು ಎಲ್ಲಿ ಉಂಟು ಗೊತ್ತುಂಟಾ? ನಮ್ಮ ವಲಯ ಕಚೇರಿಯ ರಸ್ತೆಯಲ್ಲೇ.”

“ಅದೇ ರಸ್ತೆಯಲ್ಲಿ ಒಂದು ಮೃಗಾಲಯವೂ ಉಂಟು.”

“ನೀವು ಸುಮ್ಮನಿರಿ.”

ಬೇಡ ಅನ್ನುವಂತೆಯೂ ಇರಲಿಲ್ಲ. ಬಳೆ ತೋರಿಸಲು ಹಿಂಜರಿಯುವವನ ಬಳೆಯೇ ನಕಲಿ ಎಂಬುದು ಆಕೆ ಕಲಿತ ಪಾಠ. ಹಾಗಾಗಿ ವೀರಾಗ್ರಣಿ ವ್ಯೂಹ ರಚಿಸಿದಳು. ಪಟ್ಟಿ ಗಂಡನ ಕೈಗೆ. ಫೋನಿಗೆ ಉತ್ತರ ತನ್ನದು, ದಿನವೂ ಸೊನ್ನೆ. ದಿನಕರನೆಂದರೆ ಆರೋಗ್ಯದ ಕಂಬ. ದಿಂಬಿಗೆ ತಲೆ ಕೊಟ್ಟರೆ ಗೊರಕೆ, ಬೆಳಿಗ್ಗೆ ಎದ್ದು ಕಾಫಿ, ಮಧ್ಯಾಹ್ನ ಮೀನಿನ ಗಸಿ. ಇಂಥವನ ನಾಡಿ ನೋಡಿದರೆ ವಲಯ ಕಚೇರಿ ತಾನಾಗಿಯೇ ಕುರ್ಚಿ ಒರೆಸಿ ಕೊಟ್ಟೀತು.

ದಿನಕರ ಕೂಡಲೇ ಕೈ ಚಾಚಿದ. ಅಷ್ಟು ಬೇಗ ಒಪ್ಪಿದ್ದೇ ಸಂಶಯಕ್ಕೆ ಸಾಕಿತ್ತು. ಆದರೆ ಲೋಕದ ವಸ್ತುಗಳನ್ನೆಲ್ಲ ಮಗುಚಿದವಳು ಮದುವೆಯಾದ ಮೇಲೆ ಗಂಡನನ್ನೊಮ್ಮೆಯೂ ಮಗುಚಿ ನೋಡಿರಲಿಲ್ಲ.

ಕೆಲವು ವಾರ ಕಳೆದ ಮೇಲೆ ಗ್ರೀಷ್ಮಾಳ ಫೋನು ಬಂತು. ಇಬ್ಬರೂ ಒಮ್ಮೆ ತಿರುವನಂತಪುರಕ್ಕೆ ಬಂದು ಹೋಗಬೇಕಂತೆ. ರೈಲಿನುದ್ದಕ್ಕೂ ಸುಮಿತ್ರ, ಸಿಕ್ಕಿಬಿದ್ದರೆ ಹೇಳಬೇಕಾದ ಸುಳ್ಳುಗಳನ್ನು ಒಂದೊಂದಾಗಿ ಮಗುಚಿ ನೋಡಿಕೊಂಡಳು. ಕಾಲೇಜಿನ ಕೋಣೆಯಲ್ಲಿ ಚಹಾದ ಲೋಟ ಬಂತು. ಅದರ ಅಡಿಯನ್ನೂ ನೋಡಿದಳು.

“ಚೇಚಿ, ರಾತ್ರಿ ನಿದ್ದೆ ಹೇಗೆ?” ಗ್ರೀಷ್ಮಾ ಕೇಳಿದಳು.

“ಫಸ್ಟ್ ಕ್ಲಾಸ್.”

“ಮತ್ತೆ ರಾತ್ರಿಯಿಡೀ ಎದ್ದೆದ್ದು ನಡೆಯುವುದು ಯಾಕೆ? ನಾಡಿ ಕೂಡ ಕೆಲವು ಸಲ ತಾಳ ತಪ್ತದೆ. ಕೈ ಒಂದು ಹೇಳ್ತದೆ, ಬಾಯಿ ಒಂದು ಹೇಳ್ತದೆ. ಯಂತ್ರಕ್ಕೆ ಸುಸ್ತು ಅಂದ್ರೆ ಎಂತ ಅಂತ ಗೊತ್ತಿಲ್ಲ ಚೇಚಿ. ಅದಕ್ಕೇ ಕರೆಸಿ ಕೇಳ್ತಿದ್ದೇನೆ.”

ಸುಮಿತ್ರ ನಿಧಾನವಾಗಿ, ಬಹಳ ನಿಧಾನವಾಗಿ, ಪಕ್ಕದಲ್ಲಿದ್ದ ಆರೋಗ್ಯದ ಕಂಬದ ಕಡೆ ತಿರುಗಿದಳು. ರೈಲಿನಲ್ಲಿ ಕಟ್ಟಿದ ಸುಳ್ಳುಗಳೆಲ್ಲ ಮರೆತುಹೋದವು.

“ಇವರೇ, ನಾನು ಮಾತ್ರೆ ತಿಂದು ಮಲಗಿದ ಮೇಲೆ ಎಲ್ಲಿಗೆ ಹೋಗ್ತೀರಿ?”

ದಿನಕರ ಫ್ಯಾನು ನೋಡಿದ.

“ಫ್ಯಾನಿನಲ್ಲಿ ಉತ್ತರ ಇಲ್ಲ. ಎದುರುಮನೆಯಲ್ಲಿ ಉಂಟಾ?”

“ಎಂತ ಮಾತಾಡ್ತೀಯ ನೀನು.”

“ಮತ್ತೆಲ್ಲಿಗೆ?”

“ಎಲ್ಲಿಗೂ ಇಲ್ಲ. ನಿನ್ನ ಮೂಗಿನ ಹತ್ತಿರ ಬೆರಳಿಟ್ಟು ನೋಡ್ತೇನೆ. ಉಸಿರು ಉಂಟಾ ಅಂತ.” ಅವನ ಸ್ವರ ಸಣ್ಣದಾಯಿತು. “ಆಮೇಲೆ ನಿದ್ದೆ ಬರುವುದಿಲ್ಲ. ಬಾಲ್ಕನಿಯಲ್ಲಿ ನಡೀತೇನೆ.”

“ಆ ಗೊರಕೆ?”

“ನೀನು ಮಲಗುವವರೆಗೆ ಮಾತ್ರ.”

“ಎದೆ ಹಿಡೀತದಾ?” ಗ್ರೀಷ್ಮಾ ಕೇಳಿದಳು. ಅವಳಿಗೆ ಪಟ್ಟಿ ಯಾರ ಕೈಯಲ್ಲಿತ್ತೆಂದು ಇಷ್ಟರಲ್ಲಿ ತಿಳಿದಿತ್ತು.

“ಮೆಟ್ಟಿಲು ಹತ್ತುವಾಗ ಸ್ವಲ್ಪ. ಇವಳದ್ದು ಮುಗಿಯಲಿ ಅಂತ ಇದ್ದೆ.”

“ಪಟ್ಟಿ ಎಲ್ಲ ಬರೀತದೆ ಅಂತ ನಿಮಗೆ ಗೊತ್ತಿರಲಿಲ್ವಾ?” ಸುಮಿತ್ರ ಕೇಳಿದಳು.

“ಗೊತ್ತಿತ್ತು. ಯಾರು ಕೂತು ನೋಡ್ತಾರೆ ಅಂತ ಎಣಿಸಿದೆ.”

ಸುಮಿತ್ರ ಅವನ ಕೈಯನ್ನು ಎಳೆದುಕೊಂಡು, ಪಟ್ಟಿಯನ್ನು ಮುಚ್ಚಿದ್ದ ತುಂಬುತೋಳನ್ನು ಮೇಲೆ ಸರಿಸಿ, ಮಗುಚಿ, ಪಟ್ಟಿಯಡಿಯ ಚರ್ಮ ನೋಡಿದಳು. ಬೆವತಿತ್ತು. ಆಕೆ ಕೈ ಬಿಡಲಿಲ್ಲ. ಹಾಗೆ ಹಿಡಿದುಕೊಂಡೇ ಅವನನ್ನು ಪಕ್ಕದ ಆಸ್ಪತ್ರೆಗೆ ನಡೆಸಿದಳು. ಹೃದಯದ ಬಡಿತ ದಾರಿ ತಪ್ಪಿದೆ, ಇನ್ನಷ್ಟು ತಡಮಾಡಿದ್ದರೆ ಕಷ್ಟವಿತ್ತು, ಈಗ ಮಾತ್ರೆ ಸಾಕು ಎಂದರು ಡಾಕ್ಟರು. ಡಾಕ್ಟರು ಬರೆದ ಮಾತ್ರೆಯ ಹಾಳೆಯ ಹಿಂಬದಿಯನ್ನು ನೋಡಲು ಸುಮಿತ್ರ ಮರೆತಳು; ಹಾಗೆ ಮರೆತದ್ದು ಅದೇ ಮೊದಲ ಸಲ ಇರಬೇಕು.

ವಲಯ ಕಚೇರಿಗೆ ಈ ಪಟ್ಟಿಯ ವಿಷಯವೇ ತಿಳಿದಿರಲಿಲ್ಲ. ಆಕೆಯ ಕ್ಯಾನ್ಸರಿನ ಡಾಕ್ಟರು ಸರ್ಟಿಫಿಕೇಟು ಕೊಟ್ಟರು, ಕುರ್ಚಿ ಮರಳಿ ಸಿಕ್ಕಿತು. ಮೊದಲ ವಾರವೇ ಆಕೆ ಮಧ್ಯಾಹ್ನ ಸುಸ್ತಾಗಿ ಮೇಜಿಗೆ ತಲೆಯಿಟ್ಟಳು. ಆ ಸಂಜೆ ಫೋನು ಕೇಳಿದಾಗ, ಮೊದಲ ಸಲ, ಏಳು ಎಂದು ಒತ್ತಿದಳು.

ಗ್ರೀಷ್ಮಾ ಎರಡು ಪಟ್ಟಿ ಹಿಡಿದು ಕೊಚ್ಚಿಗೆ ಬಂದಳು, ಈ ಸಲ ಗಂಡನಿಗೊಂದು, ಹೆಂಡತಿಗೊಂದು. ಅವಳ ಪ್ರೊಫೆಸರರು ಹಿಗ್ಗಿಹೋಗಿದ್ದರಂತೆ. ರೋಗಿಯ ಲಕ್ಷಣವನ್ನು ಮಾತ್ರ ಅಳೆಯುವ ಕಾಲ ಮುಗಿಯಿತು, ಪಕ್ಕದಲ್ಲಿ ಮಲಗಿದವರದ್ದನ್ನೂ ಒಟ್ಟಿಗೆ ಅಳೆಯಬೇಕು, ಮುಂದಿನ ದಾರಿ ಅದೇ ಎಂದರಂತೆ.

“ಸಮ್ಮೇಳನದಲ್ಲಿ ನಿಮ್ಮ ವಿಷಯ ಹೇಳ್ತೇವೆ ಚೇಚಿ, ಹೆಸರಿಲ್ಲದೆ,” ಎಂದಳು ಗ್ರೀಷ್ಮಾ, ಕಣ್ಣರಳಿಸಿ. “ಪಟ್ಟಿಯನ್ನು ನಿಮ್ಮವರ ಕೈಗೆ ಕಟ್ಟಬೇಕು ಅಂತ ನಿಮಗೆ ಹೊಳೆದದ್ದು ಹೇಗೆ?”

ಸುಮಿತ್ರ ಹೊಸ ಪಟ್ಟಿಯನ್ನು ಮಗುಚಿ, ಹಸಿರು ಕಣ್ಣನ್ನು ನೋಡಿ, ಕೈಗೆ ಕಟ್ಟಿಕೊಂಡಳು.

“ಹೊಳೆದದ್ದು ಎಂತದ್ದೂ ಇಲ್ಲ. ನಿನ್ನ ಮೇಲೆ ನಂಬಿಕೆ ಇರ್ಲಿಲ್ಲ, ಅಷ್ಟೇ.”