ತಂಗಿಯ ಈಜುಕೊಳಕ್ಕೆ ನಾನು ಹೇಳಿದ ಗಿಡ

ಇವತ್ತು ಘೋಡಗೇರಿಯಿಂದ ಗೋಕಾಕಿಗೆ ಬರುವಾಗ ಬಸ್ಸಿನಲ್ಲಿ ಪಕ್ಕದ ಹೆಂಗಸು ಎರಡು ಸಲ ಮೂಗರಳಿಸಿ, “ಬ್ಲೀಚಿಂಗ್ ಪೌಡರ್ ವಾಸನಿ ಬರಾಕತ್ತೈತಲ್ರಿ” ಅಂದಳು. ವಾಸನೆ ನನ್ನ ಒದ್ದೆ ತಲೆಯದು. ಅರವತ್ತು ದಾಟಿದವಳು ಈಜಿ ಬಂದೆ ಅಂದರೆ ಯಾರು ನಂಬುತ್ತಾರೆ? ನಾನೂ ಮೂಗು ಮುಚ್ಚಿಕೊಂಡು ಕಿಟಕಿಯ ಕಡೆ ತಿರುಗಿದೆ. ನಿಮ್ಮೆದುರು ಮಾತ್ರ ನಿಜ ಹೇಳುತ್ತೇನೆ, ಇದರಲ್ಲಿ ನನ್ನ ಮರ್ಯಾದೆ ಉಳಿಯುವಂಥದ್ದು ಹೆಚ್ಚೇನೂ ಇಲ್ಲದಿದ್ದರೂ.

ನನ್ನ ತಂಗಿ ಸುಮಿತ್ರಾಳನ್ನು ಕೊಟ್ಟದ್ದು ಘೋಡಗೇರಿಗೆ. ನಾಲ್ಕು ವರ್ಷದ ಹಿಂದೆ ಅವರ ತೋಟದ ಮನೆಯ ಬದಿಗೆ ಈಜುಕೊಳ ಕಟ್ಟಿಸಿದರು. ನೀಲಿ ಟೈಲ್ಸು, ಇಳಿಯಲು ಸ್ಟೀಲಿನ ಏಣಿ. ನಾನೋ, ನಳಕ್ಕೆ ನೀರು ಬಂದ ದಿನ ಕುಕ್ಕರನ್ನೂ ಬಿಡದೆ ತುಂಬಿಡುವವಳು. ಅವಳು ಕಳಿಸಿದ ಫೋಟೋಕ್ಕೆ “ಛಲೋ ಆಗೇತಿ” ಎಂದು ಉತ್ತರ ಬರೆದೆ. ಆ ದಿನ ಊಟ ಸೇರಲಿಲ್ಲ.

ಮರುದಿನ ಅವಳದೇ ಫೋನು. “ಅಕ್ಕಾ, ಪೂಲ್ ಬಾಜೂನ ರಸ್ತೆ ಐತಿ. ಅಡ್ಡ ಆಗೂವಂಥಾ ಗಿಡ ಹೇಳು. ವರ್ಷಪೂರ್ತಿ ಹಸರ ಇರಬೇಕು, ನೀರಾಗ ಕಸಾ ಬೀಳಬಾರದು. ನಿನ್ನ ಬಿಟ್ಟರ ಯಾರಿಗೆ ಕೇಳಲಿ?”

ಕಾಲೇಜಿನಲ್ಲಿ ಮೂವತ್ತು ವರ್ಷ ಸಸ್ಯಶಾಸ್ತ್ರ ಕಲಿಸಿದ ನನಗೆ ಇದು ಎರಡು ಅಂಕದ ಪ್ರಶ್ನೆ. ದಾಸವಾಳ ಹೂ ಉದುರಿಸುತ್ತದೆ. ಕಣಗಿಲೆ ವಿಷ, ಮೊಮ್ಮಕ್ಕಳಿರುವ ಮನೆಗೆ ಬೇಡ. ಆಲದ ಜಾತಿಯದು ಬೇರು ಚಾಚಿ ಗೋಡೆ ಸೀಳುತ್ತದೆ. ಬಿದಿರು ನೋಡಲು ಸದಾ ಹಸಿರು, ಆದರೆ ವರ್ಷವಿಡೀ ಸಣ್ಣ ಎಲೆ ಸುರಿಸುತ್ತಲೇ ಇರುತ್ತದೆ. ಇಷ್ಟೆಲ್ಲ ತಿಳಿದೂ ನನ್ನ ಬಾಯಿ ಹೇಳಿತು: “ಬಿದಿರ ಹಚ್ಚು.”

ನೆಟ್ಟಳು, ಸಾಲಾಗಿ. ಒಂದೂವರೆ ವರ್ಷ ಆ ಕಡೆ ನಾನು ಸುಳಿಯಲಿಲ್ಲ. ಮೊಣಕಾಲು ನೋವು ಅಂದೆ, ಮನೆಗೆ ಸುಣ್ಣ ಹೊಡೆಸುತ್ತಿದ್ದೇನೆ ಅಂದೆ. ಕೊನೆಗೆ ಅವಳ ಮೊಮ್ಮಗಳ ಹುಟ್ಟುಹಬ್ಬಕ್ಕೆ ಹೋಗಲೇಬೇಕಾಯಿತು.

ನೀರೇ ಕಾಣುತ್ತಿರಲಿಲ್ಲ, ಮೇಲೆಲ್ಲ ಒಣ ಎಲೆ. ತಂಗಿ ಉದ್ದ ಕೋಲಿಗೆ ಕಟ್ಟಿದ ಬಲೆಯಿಂದ ಅದನ್ನು ಬಾಚುತ್ತಿದ್ದಳು. ನನಗೆ ಮೊದಲು ಆದದ್ದು ಸಂತೋಷ, ನಾಚಿಕೆ ಬಂದದ್ದು ಆಮೇಲೆ.

“ದಿನಾ ಎರಡ ತಾಸ ಇದ ಕೆಲಸ,” ಅಂದಳು. “ಮನ್ಯಾಗ ಎಲ್ಲಾರೂ ಕಿತ್ತ ಹಾಕು ಅಂತಾರ. ನಮ್ಮ ಅಕ್ಕ ಹೇಳಿದ ಗಿಡ, ತಪ್ಪ ಆಗೂದಿಲ್ಲ, ನಾವ ನೀರ ಹೆಚ್ಚುಕಡಿಮಿ ಹಾಕಿರಬೇಕು ಅಂದೇನಿ.”

ಅಲ್ಲೇ ಕಟ್ಟೆಯ ಮೇಲೆ ಕುಳಿತೆ. “ನಿಮ್ಮ ತಪ್ಪಲ್ಲ, ಸುಮಿ. ಬಿದಿರಿನ ಎಲಿ ಉದರತಾವು. ನನಗ ಗೊತ್ತಿತ್ತು.”

“ಗೊತ್ತಿದ್ದೂ ಹೇಳಿದಿ?”

“ಹೊಟ್ಟಿಕಿಚ್ಚಿಗೆ ಹೇಳಿದೆ.”

ಅವಳು ಬಲೆ ಕೆಳಗಿಟ್ಟಳು. ನನ್ನ ಪಕ್ಕಕ್ಕೆ ಬಂದು ಕುಳಿತು ಅಂದಳು: “ನಾವ ಸಣ್ಣವರಿದ್ದಾಗ ಕೊಣ್ಣೂರ ಬಾವ್ಯಾಗ ಅಪ್ಪಾ ನಿನಗಷ್ಟ ಈಸ ಕಲಿಸಿದಾ. ನಾ ಅಂಜಬುರಕಿ ಅಂತ ಮ್ಯಾಲ ನಿನ್ನ ಅರಿವಿ ಕಾಯಾಕ ಕುಂಡರಿಸಿದಾ. ಒಂದ ದಿವಸ ನಿನ್ನ ಲಂಗಾ ಕಳೀತಂತ ಅವ್ವ ಹೊಡದಿದ್ಲಲ್ಲ? ಅದನ್ನ ನಾನ ಬಾವ್ಯಾಗ ಒಗದಿದ್ದೆ.”

ಐವತ್ತು ವರ್ಷ ನಾನು ಆ ತಪ್ಪನ್ನು ನೆರೆಮನೆಯ ನಾಯಿಯ ಮೇಲೆ ಹಾಕುತ್ತ ಬಂದಿದ್ದೆ.

“ಮತ್ತ ಈಸ ಬರದಾಕಿ ಪೂಲ್ ಯಾಕ ಕಟ್ಟಿಸಿದಿ?”

“ನೀ ಕಲಸತಿ ಅಂತ. ಇಬ್ಬರ ಮುದಿಕ್ಯಾರು ನೀರಾಗ ಬಡಕೊಳ್ಳೂದನ್ನ ರಸ್ತೆದಾವ್ರು ನೋಡಬಾರದಂತನ ಗಿಡಾ ಕೇಳಿದ್ದು.”

ಊಟಕ್ಕೆ ಬಡಿಸಿದಳು, ಆದರೆ ನಾನು ಹೊರಟಾಗ ಬಾಗಿಲವರೆಗೂ ಬರಲಿಲ್ಲ. ವಾರದ ಮೇಲೆ ಫೋನು ಬಂತು: “ಮೂಡಲಗಿ ನರ್ಸರಿಗೆ ಹೋಗೂಣು ಬಾ. ಈ ಸಲ ಖರೆ ಹೇಳು.”

ಕ್ಲೂಸಿಯಾ ಆರಿಸಿದೆ. ಚರ್ಮದಂಥ ದಪ್ಪ ಎಲೆ, ಉದುರುವುದು ಅಪರೂಪ, ಉದುರಿದರೂ ಕೈಯಿಂದ ಹೆಕ್ಕಬಹುದು. ನರ್ಸರಿಯವನು, “ಇದು ಸಾವಕಾಶ ಬೆಳೀತೈತ್ರಿ ಅಕ್ಕಾರ. ಲಗೂ ಬೇಕಂದ್ರ ಬಿದಿರ ಒಯ್ರಿ,” ಅಂದ. “ಬ್ಯಾಡ್ರಿ!” ಎಂದು ಇಬ್ಬರೂ ಒಟ್ಟಿಗೇ ಕೂಗಿದೆವು.

ಬಿದಿರು ಕಿತ್ತ ಜಾಗದಲ್ಲಿ ಆ ಗಿಡಗಳು ಈಗ ನಮ್ಮ ತಲೆ ಮೀರಿ ಬೆಳೆದಿವೆ. ಹೋದ ವಾರದಿಂದ ಪಾಠ ನಡೆದಿದೆ. ಇವತ್ತು ಬೆಳಿಗ್ಗೆ ಅವಳು ನನ್ನ ಕೈ ಬಿಡಿಸಿಕೊಂಡು ಅಂಗಾತ ಮಲಗಿ ತೇಲಿದಳು, ಕಣ್ಣು ಮುಚ್ಚಿ, ಕೈಕಾಲು ಆಡಿಸದೆ. ನನಗೆ ಇಂದಿಗೂ ಅದು ಬಂದಿಲ್ಲ. ಬೆನ್ನು ನೀರಿಗೆ ಕೊಟ್ಟರೆ ಮುಳುಗುತ್ತೇನೆ. ಮತ್ತೆ ಹೊಟ್ಟೆಕಿಚ್ಚಾಯಿತು. ಅವಳ ಪಕ್ಕಕ್ಕೆ ಸರಿದು, “ಸುಮಿ, ಹಂಗ ಮಲಗೂದು ನನಗೂ ಕಲಸ,” ಅಂದೆ.

“ಮೊದಲ ಬಾಯಿ ಮುಚ್ಚು,” ಅಂದಳು ಕಣ್ಣು ತೆರೆಯದೆ. “ಆಮ್ಯಾಲ ಮೈ ಸಡಲ ಬಿಡು.”